ಸಂಶೋಧನಾ ಲೇಖನವನ್ನು ಪೂರ್ತಿಯಾಗಿ ಓದುವುದು ಹೇಗೆ?

ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನು ಬೆಳೆಗಾರರು ಬಳಸಿಕೊಳ್ಳುವ ಬಗ್ಗೆ



ಮುಂಗಾರು ಹತ್ತಿರವಾಗುತ್ತಿದ್ದಂತೆ ನಮ್ಮ ಸಂಘದ ಕಚೇರಿಗೆ ಎರಡು ಬಗೆಯ ಜನ ಬರುತ್ತಾರೆ. ಮೊದಲನೆಯವರು ಔಷಧಿ, ಗೊಬ್ಬರ, ಟಾನಿಕ್ಕುಗಳ ಮಾರಾಟ ಪ್ರತಿನಿಧಿಗಳು. ಎರಡನೆಯವರು ಆ ಪ್ರತಿನಿಧಿಗಳು ಕೊಟ್ಟುಹೋದ ಬಣ್ಣದ ಕಾಗದವನ್ನು ಕೈಯಲ್ಲಿ ಹಿಡಿದು, "ಇದು ಹೌದೋ ಅಲ್ಲವೋ ಸ್ವಲ್ಪ ನೋಡಿ ಹೇಳಿ" ಎಂದು ಕೇಳುವ ನಮ್ಮ ಸದಸ್ಯರು. ಆ ಕಾಗದಗಳಲ್ಲಿ ಒಂದು ವಾಕ್ಯ ಮಾತ್ರ ತಪ್ಪದೆ ಇರುತ್ತದೆ: "ಸಂಶೋಧನೆಯಿಂದ ಸಾಬೀತಾಗಿದೆ." ಯಾವ ಸಂಶೋಧನೆ, ಎಲ್ಲಿ ನಡೆಯಿತು, ಎಷ್ಟು ಮರದ ಮೇಲೆ, ಎಷ್ಟು ಮಳೆಯಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಈಚೆಗೆ ಕಾಗದದ ಜಾಗದಲ್ಲಿ ಮೊಬೈಲ್ ಸಂದೇಶ ಬಂದಿದೆ. ವಾಕ್ಯ ಅದೇ ಉಳಿದಿದೆ.

ಎಲೆಚುಕ್ಕಿ ರೋಗ ಮಲೆನಾಡಿನ ಅಡಿಕೆ ತೋಟಗಳನ್ನು ಹಿಂಡುತ್ತಿರುವ ಈ ವರ್ಷಗಳಲ್ಲಿ ಇದು ಸಣ್ಣ ವಿಷಯವಲ್ಲ. ಎರಡು ಎಕರೆಯ ಬೆಳೆಗಾರನೊಬ್ಬ ಯಾರೋ ಹೇಳಿದರೆಂದು ಒಂದರ ಮೇಲೊಂದು ಔಷಧಿ ಹೊಡೆಸಿದರೆ, ಔಷಧಿಯ ಬೆಲೆ, ಹೊಡೆಯುವವರ ಕೂಲಿ, ದೋಟಿಯ ಬಾಡಿಗೆ ಎಲ್ಲವೂ ಸೇರಿ ಆ ವರ್ಷದ ಫಸಲಿನ ದೊಡ್ಡ ಭಾಗವನ್ನೇ ತಿಂದುಹಾಕುತ್ತದೆ. ಆ ಹಣ ಬಹಳ ಸಲ ನಮ್ಮ ಸಂಘದಲ್ಲೇ ಸಾಲವಾಗಿ ನಿಂತಿರುತ್ತದೆ. ಆದ್ದರಿಂದ ಸಂಶೋಧನೆಯ ಹೆಸರು ಹೇಳಿದವರಿಗೆ "ಎಲ್ಲಿ, ಆ ಲೇಖನ ತೋರಿಸಿ" ಎಂದು ಕೇಳುವ ಹಕ್ಕೂ, ಅದನ್ನು ನಾವೇ ಹುಡುಕಿ ಓದುವ ಅಭ್ಯಾಸವೂ ಬೆಳೆಗಾರರಿಗೆ ಬರಬೇಕೆಂದು ನಮ್ಮ ಅಭಿಪ್ರಾಯ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಸಾರಾಂಶ ಬೇರೆ, ಲೇಖನ ಬೇರೆ

ವಿಜ್ಞಾನಿಗಳು ತಮ್ಮ ಪ್ರಯೋಗದ ವಿವರವನ್ನು ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಪ್ರತಿ ಲೇಖನದ ತಲೆಯಲ್ಲಿ ಹದಿನೈದು ಇಪ್ಪತ್ತು ಸಾಲಿನ ಸಾರಾಂಶ ಇರುತ್ತದೆ. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಹುಡುಕಿದರೆ ಈ ಸಾರಾಂಶ ಎಲ್ಲರಿಗೂ ಪುಕ್ಕಟೆಯಾಗಿ ಸಿಗುತ್ತದೆ. ಮಾರಾಟಗಾರರು ಅಚ್ಚು ಹಾಕಿಸಿ ತರುವುದೂ ಹೆಚ್ಚಾಗಿ ಇದನ್ನೇ.

ಆದರೆ ನಮಗೆ ಬೇಕಾದ ಸಂಗತಿಗಳು ಸಾರಾಂಶದಲ್ಲಿ ಇರುವುದಿಲ್ಲ. ಅವು ಒಳಗೆ, "ಸಾಮಗ್ರಿ ಮತ್ತು ವಿಧಾನ" ಎಂಬ ಭಾಗದಲ್ಲಿ ಇರುತ್ತವೆ. ಪ್ರಯೋಗ ಗಾಜಿನ ತಟ್ಟೆಯಲ್ಲಿ ನಡೆಯಿತೋ, ಕುಂಡದ ಸಸಿಯ ಮೇಲೋ, ಫಲ ಕೊಡುವ ಮರದ ಮೇಲೋ ಎಂಬುದು ಅಲ್ಲಿ ತಿಳಿಯುತ್ತದೆ. ಒಂದು ಶಿಲೀಂಧ್ರ ಪ್ರಯೋಗಾಲಯದ ತಟ್ಟೆಯಲ್ಲಿ ಔಷಧಿಗೆ ಸತ್ತುಹೋದರೆ, ಆಷಾಢದ ಜಡಿಮಳೆಯಲ್ಲಿ ಐವತ್ತು ಅಡಿ ಎತ್ತರದ ಅಡಿಕೆ ಗೊನೆಯ ಮೇಲೂ ಸಾಯುತ್ತದೆಂದು ಹೇಳಲಾಗುವುದಿಲ್ಲ. ಲೇಖನ ಬರೆದ ವಿಜ್ಞಾನಿಯೂ ಹಾಗೆ ಹೇಳಿರುವುದಿಲ್ಲ. ಹೇಳುವವರು ನಡುವಿನವರು. ಪೂರ್ತಿ ಲೇಖನ ನಮ್ಮ ಕೈಗೆ ಬಂದರೆ ಈ ನಡುವಿನ ಮಾತು ಎಷ್ಟು, ಮೂಲದ ಮಾತು ಎಷ್ಟು ಎಂದು ತಾನಾಗಿ ಬೇರೆಯಾಗುತ್ತದೆ.

ಬಾಗಿಲಿಗೆ ಬೀಗ ಏಕೆ?

ಸಾರಾಂಶ ಓದಿ ಮುಂದಕ್ಕೆ ಹೋಗಲು ನೋಡಿದರೆ ಅನೇಕ ಪತ್ರಿಕೆಗಳು ಹಣ ಕೇಳುತ್ತವೆ. ವಿದೇಶಿ ಪ್ರಕಾಶಕರ ಪತ್ರಿಕೆಯಾದರೆ ಒಂದೇ ಒಂದು ಲೇಖನಕ್ಕೆ ಮೂವತ್ತು ನಲವತ್ತು ಡಾಲರ್ ಕೇಳುವುದು ಸಾಮಾನ್ಯ. ಅಂದರೆ ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಯ ಆಸುಪಾಸು. ಓದಿ ನೋಡಿದ ಮೇಲೆ ಅದು ನಮಗೆ ಉಪಯೋಗವಿಲ್ಲವೆಂದು ತಿಳಿದರೂ ಹಣ ಹಿಂದಕ್ಕೆ ಬರುವುದಿಲ್ಲ.

ಬೀಗದ ಕೈ ಇರುವುದು ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಲ್ಲಿ. ಅವು ವರ್ಷದ ಚಂದಾ ತೆತ್ತು ತಮ್ಮ ಓದುಗರಿಗೆ ಪತ್ರಿಕೆಗಳನ್ನು ತೆರೆದಿಡುತ್ತವೆ. ಪ್ರತಿ ಸಂಸ್ಥೆಯೂ ಬೇರೆ ಬೇರೆಯಾಗಿ ಚಂದಾ ಕಟ್ಟುವುದು ಹೊರೆಯಾದ್ದರಿಂದ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2007ರಲ್ಲಿ "ಸೆರಾ" ಎಂಬ ಒಕ್ಕೂಟವನ್ನು ಏರ್ಪಡಿಸಿತು. ಕೃಷಿ ವಿಶ್ವವಿದ್ಯಾನಿಲಯಗಳು ಮತ್ತು ಪರಿಷತ್ತಿನ ಸಂಶೋಧನಾ ಕೇಂದ್ರಗಳು ಒಟ್ಟಾಗಿ ಪತ್ರಿಕೆಗಳನ್ನು ಪಡೆಯಲು, ಒಂದು ಗ್ರಂಥಾಲಯದಲ್ಲಿ ಇಲ್ಲದ ಲೇಖನವನ್ನು ಇನ್ನೊಂದರಿಂದ ತರಿಸಿಕೊಳ್ಳಲು ಇದರಿಂದ ಸಾಧ್ಯವಾಯಿತು. ಇದೇ ತತ್ವವನ್ನು ದೇಶಕ್ಕೆಲ್ಲ ಹಿಗ್ಗಿಸಿ ಕೇಂದ್ರ ಸರ್ಕಾರ 2024ರ ನವೆಂಬರ್ 25ರಂದು "ಒಂದು ರಾಷ್ಟ್ರ ಒಂದು ಚಂದಾ" ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026 ಮತ್ತು 2027 ಈ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿರಿಸಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಹಾಗೂ ಸಂಶೋಧನಾ ಸಂಸ್ಥೆಗಳಿಗೆ ಒದಗಿಸುವುದು ಇದರ ಉದ್ದೇಶ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದರ ಕೆಲಸವನ್ನು ನಡೆಸುತ್ತದೆ.

ಸಹಕಾರಿಗಳಾದ ನಮಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಒಬ್ಬೊಬ್ಬನೇ ಮೈಲುತುತ್ತ ಕೊಳ್ಳುವುದಕ್ಕೂ ಸಂಘದ ಮೂಲಕ ಲಾರಿ ಲೋಡು ತರಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಆದರೆ ಒಂದು ಮಾತು ನೆನಪಿಡಬೇಕು. ಈ ಹಕ್ಕು ಆಯಾ ಸಂಸ್ಥೆಯ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರಿಗಾಗಿ ಇದೆ. ಹೊರಗಿನ ಬೆಳೆಗಾರನಿಗೆ ಎಷ್ಟು ಅವಕಾಶ ಎಂಬುದು ಪ್ರಕಾಶಕರ ಒಪ್ಪಂದವನ್ನೂ ಗ್ರಂಥಾಲಯದ ನಿಯಮವನ್ನೂ ಅವಲಂಬಿಸುತ್ತದೆ. ಕೇಳಿಯೇ ತಿಳಿಯಬೇಕು.

ಗ್ರಂಥಾಲಯಕ್ಕೆ ಹೋಗುವ ಕ್ರಮ

ನಮ್ಮ ಭಾಗದವರಿಗೆ ಉಪಯೋಗವಾಗುವ ಗ್ರಂಥಾಲಯಗಳು ಹಲವು ಇವೆ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯ, ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದ ಕೃಷಿ ವಿಶ್ವವಿದ್ಯಾನಿಲಯ, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಮತ್ತು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾನಿಲಯ ಇವುಗಳಲ್ಲಿ ಮುಖ್ಯವಾದವು. ಕಾಫಿಯ ಮಟ್ಟಿಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯನ್ನು ಮರೆಯಬಾರದು. ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರ ಮುಂದಾಳತ್ವದಲ್ಲಿ ಆರಂಭವಾದ ಸಂಸ್ಥೆ ಅದು. ಅಡಿಕೆಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಅದರ ವಿಟ್ಲದ ಪ್ರಾದೇಶಿಕ ಕೇಂದ್ರವೂ ಇವೆ. ಮೆಣಸು, ಏಲಕ್ಕಿಗೆ ಮಡಿಕೇರಿ ಬಳಿಯ ಅಪ್ಪಂಗಳದ ಕೇಂದ್ರ ಇದೆ.

ಹೋಗುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ ಇಷ್ಟು:

1. ಗ್ರಂಥಪಾಲಕರಿಗೆ ಒಂದು ಕಾಗದ ಬರೆಯಿರಿ, ಇಲ್ಲವೇ ಫೋನ್ ಮಾಡಿ. ಹೊರಗಿನವರು ಕುಳಿತು ಓದಲು ಅವಕಾಶವಿದೆಯೇ, ಯಾವ ದಿನ, ಯಾವ ಹೊತ್ತು, ಶುಲ್ಕವೆಷ್ಟು ಎಂದು ವಿಚಾರಿಸಿಕೊಳ್ಳಿ. ಪರೀಕ್ಷೆಯ ದಿನಗಳಲ್ಲಿ ಹೋಗದಿರುವುದು ಒಳ್ಳೆಯದು.

2. ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಪರಿಚಯ ಪತ್ರ, ಗುರುತಿನ ಚೀಟಿ ಇಟ್ಟುಕೊಳ್ಳಿ. ಒಂದು ಗ್ರಂಥಾಲಯದ ಬಾಗಿಲಲ್ಲಿ "ವಿದ್ಯಾರ್ಥಿಗಳಿಗೆ ಮಾತ್ರ" ಎಂದು ನಮ್ಮನ್ನು ವಾಪಸು ಕಳಿಸಿದ್ದೂ ಉಂಟು. ಪತ್ರ ತೆಗೆದುಕೊಂಡು ಇನ್ನೊಂದು ಗ್ರಂಥಾಲಯಕ್ಕೆ ಹೋದಾಗ ಕುರ್ಚಿ ಕೊಟ್ಟು, ಹುಡುಕಲು ಜೊತೆಗೊಬ್ಬರನ್ನೂ ಕಳಿಸಿದರು.

3. ಬೇಕಾದ ಲೇಖನದ ವಿವರವನ್ನು ಬರೆದುಕೊಂಡು ಹೋಗಿ. ಲೇಖಕರ ಹೆಸರು, ವರ್ಷ, ಲೇಖನದ ಶೀರ್ಷಿಕೆ, ಪತ್ರಿಕೆಯ ಹೆಸರು, ಸಂಪುಟ, ಪುಟ ಇವಿಷ್ಟಿದ್ದರೆ ಗ್ರಂಥಪಾಲಕರ ಕೆಲಸ ಐದು ನಿಮಿಷದ್ದು. ಈಚಿನ ಲೇಖನಗಳಿಗೆ "ಡಿ.ಓ.ಐ." ಎಂಬ ಸಂಖ್ಯೆ ಇರುತ್ತದೆ. ಅದು 10 ಎಂಬ ಅಂಕಿಯಿಂದ ಶುರುವಾಗುತ್ತದೆ. ಜಮೀನಿಗೆ ಸರ್ವೆ ನಂಬರ್ ಇದ್ದ ಹಾಗೆ ಲೇಖನಕ್ಕೆ ಈ ನಂಬರ್. ಪತ್ರಿಕೆಯ ವಿಳಾಸ ಬದಲಾದರೂ ಇದು ಬದಲಾಗುವುದಿಲ್ಲ.

4. ಆ ಗ್ರಂಥಾಲಯದಲ್ಲಿ ಲೇಖನ ಇಲ್ಲವೆಂದಾದರೆ ಸುಮ್ಮನೆ ಎದ್ದು ಬರಬೇಡಿ. ಬೇರೆ ಗ್ರಂಥಾಲಯದಿಂದ ತರಿಸಿಕೊಡಲು ಸಾಧ್ಯವೇ ಎಂದು ಕೇಳಿ. ಗ್ರಂಥಾಲಯಗಳ ನಡುವೆ ಈ ಕೊಡುಕೊಳ್ಳುವಿಕೆ ಬಹಳ ಹಿಂದಿನಿಂದ ನಡೆದುಬಂದಿದೆ.

5. ಹಳೆಯ ಸಂಪುಟಗಳ ಕಪಾಟನ್ನು ಒಮ್ಮೆ ನೋಡಿ. ರಟ್ಟು ಕಟ್ಟಿಸಿಟ್ಟ ಪತ್ರಿಕೆಗಳು, ವಾರ್ಷಿಕ ವರದಿಗಳು, ಬುಲೆಟಿನ್ನುಗಳು ಎಷ್ಟೋ ಇನ್ನೂ ಕಂಪ್ಯೂಟರಿಗೆ ಏರಿಲ್ಲ. ನಮ್ಮ ಬೆಳೆಗಳ ವಿಚಾರದಲ್ಲಿ ಅನೇಕ ಒಳ್ಳೆಯ ಪ್ರಯೋಗಗಳು ಅವುಗಳಲ್ಲೇ ಮಲಗಿವೆ.

ನಕಲು ತೆಗೆಸುವ ಬಗ್ಗೆ ಕೆಲವರಿಗೆ ಅಳುಕಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಸ್ವಂತ ಉಪಯೋಗಕ್ಕೆ, ಸಂಶೋಧನೆಗೆ ನ್ಯಾಯವಾದ ರೀತಿಯಲ್ಲಿ ಕೃತಿಯನ್ನು ಬಳಸಿಕೊಳ್ಳಲು ಅವಕಾಶ ಕೊಟ್ಟಿದೆ. ಓದಿಕೊಳ್ಳಲು ಒಂದು ಪ್ರತಿ ತೆಗೆಯುವುದು ಬೇರೆ, ನೂರು ಪ್ರತಿ ಮಾಡಿ ಹಂಚುವುದು ಬೇರೆ. ಹಾಗೆಯೇ ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳ ಪಾಸ್‌ವರ್ಡನ್ನು ಊರಿಗೆಲ್ಲ ಹಂಚುವುದು, ಕಳ್ಳದಾರಿಯ ತಾಣಗಳಿಂದ ಲೇಖನ ಇಳಿಸಿಕೊಳ್ಳುವುದು ಇವೆಲ್ಲ ಸಂಘದ ಹೆಸರಿಗೆ ಒಪ್ಪುವ ಕೆಲಸಗಳಲ್ಲ. ನೇರವಾದ ದಾರಿಗಳೇ ಬೇಕಾದಷ್ಟಿವೆ.

ಹುಡುಕುವ ಹೆಸರಿನಲ್ಲೇ ಅರ್ಧ ಕೆಲಸ

ಸದಸ್ಯರು ಬಹಳ ಮಂದಿ "ಹುಡುಕಿದೆವು, ಏನೂ ಸಿಗಲಿಲ್ಲ" ಎನ್ನುತ್ತಾರೆ. ಲೇಖನ ಇಲ್ಲದೆ ಹೀಗಾಗುವುದು ಕಡಿಮೆ; ಹೆಸರು ಸರಿಯಿಲ್ಲದೆ ಆಗುವುದೇ ಹೆಚ್ಚು.

ಕೊಳೆರೋಗವನ್ನೇ ತೆಗೆದುಕೊಳ್ಳಿ. ಕೋಲ್ಮನ್ ಅವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಬುಲೆಟಿನ್ನಿನಲ್ಲಿ ಅಡಿಕೆಯ ಕೊಳೆರೋಗದ ವಿಚಾರ ಬರೆದದ್ದು 1910ರಲ್ಲಿ. ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ ಬೋರ್ಡೋ ದ್ರಾವಣದ ದಾರಿ ತೋರಿಸಿದ ಕೆಲಸ ಅದು. ಆಗ ಅವರು ರೋಗಾಣುವಿಗೆ ಇಟ್ಟ ಹೆಸರು "ಫೈಟಾಫ್ತೊರಾ ಆಮ್ನಿವೋರಾ" ಎಂಬುದರ "ಅರೆಕೆ" ಬಗೆ ಎಂದು. ಕೆಲವೇ ವರ್ಷಗಳಲ್ಲಿ ಅದು "ಫೈಟಾಫ್ತೊರಾ ಅರೆಕೆ" ಆಯಿತು. ಈಚಿನ ಲೇಖನಗಳಲ್ಲಿ "ಫೈಟಾಫ್ತೊರಾ ಮೀಡೈ" ಎಂಬ ಹೆಸರು ಹೆಚ್ಚಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಇದೇ ರೋಗವನ್ನು "ಫ್ರೂಟ್ ರಾಟ್" ಎಂದೂ "ಮಹಾಳಿ" ಎಂದೂ ಬರೆಯುತ್ತಾರೆ. ಒಂದೇ ಹೆಸರು ಹಾಕಿ ಹುಡುಕಿದವನಿಗೆ ನೂರು ವರ್ಷದ ಕೆಲಸದಲ್ಲಿ ಒಂದು ತುಂಡು ಮಾತ್ರ ಸಿಗುತ್ತದೆ.

ಇನ್ನೊಂದು ತೊಡಕು ಕಾಫಿ ಬೆಳೆಗಾರರಿಗೆ ಗೊತ್ತೇ ಇದೆ. ಕಾಫಿಯ "ಬ್ಲ್ಯಾಕ್ ರಾಟ್"ಗೂ ಕೊಳೆರೋಗವೆಂದೇ ಹೆಸರು. ಅದರ ಶಿಲೀಂಧ್ರ ಬೇರೆ. ಹಳೆಯ ಪುಸ್ತಕಗಳಲ್ಲಿ "ಪೆಲಿಕ್ಯುಲೇರಿಯಾ ಕೊಳೆರೋಗ" ಎಂದೂ ಮುಂದೆ "ಕೊಳೆರೋಗ ನಾಕ್ಸಿಯಾ" ಎಂದೂ ಅದನ್ನು ಕರೆದರು. ನಮ್ಮ ಕನ್ನಡದ ಮಾತು ಲ್ಯಾಟಿನ್ ಹೆಸರಿನೊಳಗೆ ಸೇರಿಹೋದದ್ದು ಹೆಮ್ಮೆಯೇ ಸರಿ. ಆದರೆ ಬರಿಯ "ಕೊಳೆರೋಗ" ಎಂದು ಹುಡುಕಿದರೆ ಅಡಿಕೆಯದೂ ಕಾಫಿಯದೂ ಕಲಸಿ ಬರುತ್ತದೆ. ಬೆಳೆಯ ಹೆಸರನ್ನು ಜೊತೆಗೆ ಸೇರಿಸಲೇಬೇಕು.

ಕಾಯಿಕೊರಕದ ಹುಳು ಇಂದು "ಹೈಪೊಥೆನೆಮಸ್ ಹ್ಯಾಂಪಿಯೈ". ಹಳೆಯ ಲೇಖನಗಳಲ್ಲಿ ಅದು "ಸ್ಟೆಫನೋಡೆರೆಸ್ ಹ್ಯಾಂಪಿಯೈ". ನಮ್ಮ ದೇಶದಲ್ಲಿ ಅದು 1990ರಲ್ಲಿ ಗುಡಲೂರು ಭಾಗದಲ್ಲಿ ಕಾಣಿಸಿಕೊಂಡಿತು. ಹೊರದೇಶಗಳಲ್ಲಿ ಅದಕ್ಕೆ ಬಹಳ ಮೊದಲೇ ನಡೆದ ಕೆಲಸ ಹಳೆಯ ಹೆಸರಿನಲ್ಲೇ ಇದೆ. ಅಡಿಕೆಯ ಹಳದಿ ಎಲೆ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಇಂದು "ಫೈಟೊಪ್ಲಾಸ್ಮಾ" ಎನ್ನುತ್ತಾರೆ. ಮೂವತ್ತು ನಲವತ್ತು ವರ್ಷದ ಹಿಂದಿನ ಲೇಖನಗಳಲ್ಲಿ "ಮೈಕೊಪ್ಲಾಸ್ಮಾದಂಥ ಜೀವಿ" ಎಂದಿರುತ್ತದೆ. ಅಡಿಕೆ ಎಂಬುದನ್ನೇ ಇಂಗ್ಲಿಷಿನಲ್ಲಿ ಒಂದೇ ಪದವಾಗಿ "ಅರೆಕಾನಟ್" ಎಂದು ನಮ್ಮವರು ಬರೆದರೆ, ಹೊರಗಿನವರು ಎರಡು ಪದವಾಗಿ ಬಿಡಿಸಿ ಬರೆಯುತ್ತಾರೆ. ಕೆಲವರು "ಬೀಟಲ್ ನಟ್" ಎನ್ನುತ್ತಾರೆ. "ಅರೆಕಾ ಕಟೆಚು" ಎಂಬ ಶಾಸ್ತ್ರೀಯ ಹೆಸರು ಹಾಕಿದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ಈ ಹೆಸರುಗಳ ಇಂಗ್ಲಿಷ್ ಕಾಗುಣಿತವನ್ನು ಸಂಘದ ಕಚೇರಿಯ ಸೂಚನಾ ಫಲಕದಲ್ಲಿ ಬರೆದು ಹಾಕಿದ್ದೇವೆ. ಸದಸ್ಯರು ಬರೆದುಕೊಂಡು ಹೋಗಬಹುದು.

ಒಂದು ಒಳ್ಳೆಯ ಲೇಖನ ಸಿಕ್ಕಿದರೆ ಅದನ್ನೇ ಹಿಡಿದು ಎರಡು ಕಡೆಗೆ ಹೋಗಬಹುದು. ಲೇಖನದ ಕೊನೆಯಲ್ಲಿರುವ ಆಧಾರಗಳ ಪಟ್ಟಿ ಹಿಂದಿನ ಕೆಲಸಗಳಿಗೆ ಕರೆದೊಯ್ಯುತ್ತದೆ. "ಗೂಗಲ್ ಸ್ಕಾಲರ್" ಎಂಬ ಪುಕ್ಕಟೆ ಹುಡುಕುತಾಣದಲ್ಲಿ ಆ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಮೊದಲಿನ ತೀರ್ಮಾನವನ್ನು ಆಮೇಲಿನವರು ಒಪ್ಪಿದರೋ ತಿದ್ದಿದರೋ ಎಂಬುದು ಇದರಿಂದ ಗೊತ್ತಾಗುತ್ತದೆ.

ಬೀಗವಿಲ್ಲದ ಬಾಗಿಲುಗಳು

ಊರಿಂದ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೊರಡುವ ಮೊದಲು ಮನೆಯಲ್ಲೇ ಸಿಗುವುದನ್ನು ನೋಡಿಕೊಳ್ಳಬೇಕು. ಭಾರತದ ಅನೇಕ ಪತ್ರಿಕೆಗಳು ಪೂರ್ತಿಯಾಗಿ ತೆರೆದೇ ಇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ "ಮೈಸೂರ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್", ಧಾರವಾಡದ "ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್", ಬೆಂಗಳೂರಿನಿಂದ ಪ್ರಕಟವಾಗುವ "ಕರೆಂಟ್ ಸೈನ್ಸ್" ಇವುಗಳಲ್ಲಿ ಸೇರಿವೆ. ಕಾಸರಗೋಡಿನಿಂದ 1973ರಿಂದ ಬರುತ್ತಿರುವ "ಜರ್ನಲ್ ಆಫ್ ಪ್ಲಾಂಟೇಷನ್ ಕ್ರಾಪ್ಸ್" ಅಡಿಕೆ, ತೆಂಗು, ಕಾಫಿ, ಕೋಕೋ ಬೆಳೆಗಾರರು ಹೆಸರು ನೆನಪಿಡಬೇಕಾದ ಪತ್ರಿಕೆ.

ಇದಕ್ಕಿಂತ ದೊಡ್ಡ ಭಂಡಾರ ವಿದ್ಯಾರ್ಥಿಗಳ ಪ್ರಬಂಧಗಳದು. "ಶೋಧಗಂಗಾ"ದಲ್ಲಿ ದೇಶದ ವಿಶ್ವವಿದ್ಯಾನಿಲಯಗಳ ಡಾಕ್ಟರೇಟ್ ಪ್ರಬಂಧಗಳು, "ಕೃಷಿಕೋಶ"ದಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ಹಾಗೂ ಡಾಕ್ಟರೇಟ್ ಪ್ರಬಂಧಗಳು ಪುಕ್ಕಟೆಯಾಗಿ ಸಿಗುತ್ತವೆ. ಪತ್ರಿಕೆಯ ಲೇಖನ ಆರೇಳು ಪುಟ. ಪ್ರಬಂಧ ನೂರಾರು ಪುಟ. ಮಣ್ಣಿನ ಪರೀಕ್ಷೆ, ತಿಂಗಳ ಮಳೆ, ಪ್ರತಿ ತಾಕಿನ ಇಳುವರಿ ಎಲ್ಲ ಕೋಷ್ಟಕಗಳೂ ಅದರಲ್ಲಿ ಇರುತ್ತವೆ. ಮೂಡಿಗೆರೆಯಂಥ ಕಾಲೇಜುಗಳ ವಿದ್ಯಾರ್ಥಿಗಳು ನಮ್ಮ ಸೀಮೆಯಲ್ಲೇ ಮಾಡಿದ ಪ್ರಯೋಗಗಳು ಹೊರದೇಶದ ಎಷ್ಟು ದೊಡ್ಡ ಲೇಖನಕ್ಕಿಂತಲೂ ನಮಗೆ ಹತ್ತಿರದವು. ಹಿತ್ತಲ ಗಿಡ ಮದ್ದಲ್ಲ ಎಂಬ ಭಾವನೆ ಇಲ್ಲಿ ಬೇಡ.

ಬೀಗ ಹಾಕಿದ ಲೇಖನಕ್ಕೂ ಒಂದು ಹಿಂಬಾಗಿಲು ಹಲವು ಸಲ ಇರುತ್ತದೆ, ಅದೂ ನ್ಯಾಯವಾದದ್ದೇ. ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆ ಸಾರ್ವಜನಿಕರಿಗೆ ಸಿಗಬೇಕೆಂದು ಕೃಷಿ ಅನುಸಂಧಾನ ಪರಿಷತ್ತು 2013ರಲ್ಲೇ ನೀತಿಯೊಂದನ್ನು ಪ್ರಕಟಿಸಿತು. ಅದರಂತೆ ವಿಜ್ಞಾನಿಗಳು ತಮ್ಮ ಲೇಖನದ ಅಂತಿಮ ಹಸ್ತಪ್ರತಿಯನ್ನು ಸಂಸ್ಥೆಯ ಭಂಡಾರದಲ್ಲಿ ಇಡಬೇಕು. ಗೂಗಲ್ ಸ್ಕಾಲರಿನಲ್ಲಿ ಲೇಖನದ ಕೆಳಗೆ "ಎಲ್ಲ ಆವೃತ್ತಿಗಳು" ಎಂಬ ಅರ್ಥದ ಸಾಲು ಇರುತ್ತದೆ. ಅದನ್ನು ಒತ್ತಿ ನೋಡಿದರೆ ಇಂಥ ಪ್ರತಿ ಸಿಗುವುದುಂಟು. "ಅನ್‌ಪೇವಾಲ್" ಎಂಬ ಸಾಧನವನ್ನು ಕಂಪ್ಯೂಟರಿಗೆ ಸೇರಿಸಿಕೊಂಡರೆ ಅದೂ ಇದೇ ಕೆಲಸ ಮಾಡುತ್ತದೆ.

ಯಾವುದೂ ಆಗದಿದ್ದರೆ ಲೇಖಕರಿಗೇ ಬರೆಯಿರಿ. ಲೇಖನದ ಮೊದಲ ಪುಟದಲ್ಲಿ ಅವರ ವಿಳಾಸ, ಇ-ಮೇಲ್ ಇರುತ್ತದೆ. ಅದು ಸಾರಾಂಶದ ಜೊತೆಯಲ್ಲೂ ಕಾಣುತ್ತದೆ. "ನಾವು ಇಂಥ ಊರಿನ ಬೆಳೆಗಾರರು, ನಮ್ಮ ತೋಟದಲ್ಲಿ ಇಂಥ ತೊಂದರೆ ಇದೆ, ತಮ್ಮ ಈ ಲೇಖನದ ಒಂದು ಪ್ರತಿ ಕಳಿಸಿದರೆ ಉಪಕಾರ" ಎಂದು ನಾಲ್ಕು ಸಾಲು ಸಾಕು. ನಮ್ಮ ಸಂಘದಿಂದ ಹೀಗೆ ಬರೆದ ಪತ್ರಗಳಿಗೆ ಉತ್ತರ ಬಂದದ್ದೇ ಹೆಚ್ಚು. ಕೆಲವರು ಲೇಖನದ ಜೊತೆಗೆ ತಮ್ಮ ಫೋನ್ ನಂಬರನ್ನೂ ಕೊಟ್ಟು, ತೋಟದ ಮಣ್ಣು ಹೇಗಿದೆ, ಬಸಿಗಾಲುವೆ ಇದೆಯೇ ಎಂದು ತಿರುಗಿ ವಿಚಾರಿಸಿದರು. ತಮ್ಮ ಕೆಲಸವನ್ನು ಬೆಳೆಗಾರನೊಬ್ಬ ಓದಬಯಸುತ್ತಾನೆ ಎಂಬುದು ಅವರಿಗೂ ಸಂತೋಷದ ಸಂಗತಿಯೇ.

ಸಿಕ್ಕಿದ ಮೇಲೆ ಓದುವ ಬಗೆ

ಲೇಖನ ಇಂಗ್ಲಿಷಿನಲ್ಲಿದೆ, ಶಾಸ್ತ್ರದ ಭಾಷೆಯಲ್ಲಿದೆ ಎಂದು ಹೆದರಬೇಕಾಗಿಲ್ಲ. ಪ್ರತಿ ಪದ ಅರ್ಥವಾಗಬೇಕೆಂದೂ ಇಲ್ಲ. ಈ ಕೆಲವು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಹುಡುಕಿದರೆ ಸಾಕು.

ಪ್ರಯೋಗ ನಡೆದ ಊರು ಯಾವುದು, ಮಳೆ ಎಷ್ಟು? ತುಮಕೂರು, ಚಿತ್ರದುರ್ಗದ ಬಯಲಿನ ಅಡಿಕೆ ತೋಟದ ಫಲಿತಾಂಶ ತೀರ್ಥಹಳ್ಳಿಗೆ ಹಾಗೇ ಒಪ್ಪುವುದಿಲ್ಲ.

ಎಷ್ಟು ಕಾಲ ನಡೆಯಿತು? ಅರೇಬಿಕಾದ ಬಿಳಿ ಕಾಂಡಕೊರಕದ ದುಂಬಿ ವರ್ಷಕ್ಕೆ ಎರಡು ಸಲ ಹಾರಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಎರಡೂ ಹಾರಾಟವನ್ನು ನೋಡದೆ ಮುಗಿಸಿದ ಪ್ರಯೋಗ ಅರ್ಧ ಪ್ರಯೋಗ. ಹಳದಿ ಎಲೆ ರೋಗ ಮರವನ್ನು ನಿಧಾನವಾಗಿ ಸೊರಗಿಸುವಂಥದು; ಒಂದೇ ವರ್ಷದಲ್ಲಿ "ಗುಣವಾಯಿತು" ಎಂದರೆ ಸಂಶಯಪಡಬೇಕು.

ಔಷಧಿ ಕೊಡದೆ ಬಿಟ್ಟ ಮರಗಳು ಇದ್ದವೇ? ಹೋಲಿಸಿ ನೋಡಲು ಅವು ಬೇಕೇ ಬೇಕು. ಆ ವರ್ಷ ಮಳೆ ಕಡಿಮೆಯಾಗಿ ರೋಗ ತಾನಾಗಿ ಇಳಿದಿದ್ದರೆ ಔಷಧಿಗೆ ಕೀರ್ತಿ ಸಲ್ಲಬಾರದಲ್ಲ!

ಬೋರ್ಡೋ ದ್ರಾವಣದ ಜೊತೆ ಹೋಲಿಸಿದ್ದಾರೆಯೇ? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಹಳೆಯ ಲೆಕ್ಕಕ್ಕಿಂತ ಹೊಸದು ಎಷ್ಟು ಮೇಲು, ಆ ಮೇಲ್ಮೆಗೆ ಖರ್ಚೆಷ್ಟು ಎಂಬುದೇ ನಮ್ಮ ಪ್ರಶ್ನೆ.

ಕೋಷ್ಟಕದ ತಳದಲ್ಲಿ "ಸಿ.ಡಿ." ಎಂದು ಒಂದು ಅಂಕಿ ಇರುತ್ತದೆ. ಇದನ್ನು ನೋಡಲು ಕಲಿತರೆ ಅರ್ಧ ವಿದ್ಯೆ ಬಂದಂತೆ. ಎರಡು ಉಪಚಾರಗಳ ನಡುವಿನ ವ್ಯತ್ಯಾಸ ಈ ಅಂಕಿಗಿಂತ ಕಡಿಮೆಯಿದ್ದರೆ ಎರಡೂ ಒಂದೇ ಎಂದು ತಿಳಿಯಬೇಕು. ತಿಳಿವಳಿಕೆಗಾಗಿ ಒಂದು ಲೆಕ್ಕ ಹೇಳುವುದಾದರೆ, ಒಂದು ಗೊಬ್ಬರದಿಂದ ಮರಕ್ಕೆ 2.4 ಕಿಲೋ, ಇನ್ನೊಂದರಿಂದ 2.6 ಕಿಲೋ ಬಂದು, ಸಿ.ಡಿ. 0.5 ಎಂದಿದ್ದರೆ ಎರಡನೆಯದು ಹೆಚ್ಚು ಎನ್ನುವಂತಿಲ್ಲ. ಬಣ್ಣದ ಕಾಗದದಲ್ಲಿ ಮಾತ್ರ "ಶೇಕಡಾ 8 ಹೆಚ್ಚು ಇಳುವರಿ" ಎಂದು ಬಂದಿರುತ್ತದೆ.

ಕಡೆಯದಾಗಿ, ಪ್ರಯೋಗಕ್ಕೆ ಹಣ ಕೊಟ್ಟವರು ಯಾರು? ತಯಾರಕರೇ ಕೊಟ್ಟಿದ್ದರೆ ಲೇಖನ ಸುಳ್ಳೆಂದು ಅರ್ಥವಲ್ಲ. ಇನ್ನೊಂದು ಕಡೆಯಿಂದಲೂ ಅದೇ ಫಲಿತಾಂಶ ಬಂದಿದೆಯೇ ಎಂದು ನೋಡಬೇಕು, ಅಷ್ಟೆ. ಹಣ ಪಡೆದು ಏನನ್ನು ಬೇಕಾದರೂ ಅಚ್ಚು ಹಾಕುವ ಹೆಸರಿಗಷ್ಟೇ ವಿದ್ವತ್ ಪತ್ರಿಕೆಗಳೂ ಇಂದು ಇವೆ. ಪತ್ರಿಕೆ ಎಂಥದೆಂದು ಗ್ರಂಥಪಾಲಕರನ್ನು ಕೇಳಿದರೆ ಹೇಳುತ್ತಾರೆ.

ನಮಗೆ ಹಿಡಿಸದ್ದನ್ನೂ ಓದಬೇಕು

ಈ ಮಾತನ್ನು ಬರೆಯುವುದು ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಅಷ್ಟು ಸುಲಭವಲ್ಲ. ಆದರೂ ಬರೆಯಬೇಕಾಗಿದೆ.

ಅಡಿಕೆ ಮತ್ತು ಆರೋಗ್ಯದ ವಿಚಾರ ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಬಿಸಿ ಏರುತ್ತದೆ. ಎಲ್ಲವೂ ಪಿತೂರಿ ಎನ್ನುವವರು ಒಂದು ಕಡೆ. ನಾಳೆಯೇ ಮರ ಕಡಿಯಬೇಕೇನೋ ಎಂದು ಕಂಗಾಲಾದವರು ಇನ್ನೊಂದು ಕಡೆ. ಮೂಲ ವರದಿಯನ್ನು ಓದಿದವರು ಎರಡು ಕಡೆಯೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಈ ವರದಿಗಳು ಬೀಗವಿಲ್ಲದೆ ಪೂರ್ತಿಯಾಗಿ ಸಿಗುತ್ತವೆ. 1985ರ 37ನೇ ಸಂಪುಟದಲ್ಲಿ ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಕ್ಯಾನ್ಸರ್‌ಕಾರಕವೆಂದೂ, ಹೊಗೆಸೊಪ್ಪು ಇಲ್ಲದ್ದರ ಬಗ್ಗೆ ಸಾಕ್ಷ್ಯ ಸಾಲದೆಂದೂ ಹೇಳಿದ್ದರು. ಹೊಸ ಅಧ್ಯಯನಗಳು ಬಂದ ಮೇಲೆ 2004ರ 85ನೇ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲನೆಯ ವರ್ಗಕ್ಕೆ ಸೇರಿಸಿದರು. 2012ರಲ್ಲಿ ಅದನ್ನೇ ಮತ್ತೆ ಖಚಿತಪಡಿಸಿದರು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಬೇರೆಯಾಗಿ ಪರಿಶೀಲಿಸಿ 2021ರ 128ನೇ ಸಂಪುಟದಲ್ಲಿ "ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದು" ಎಂಬ 2ಬಿ ವರ್ಗದಲ್ಲಿ ಇಟ್ಟರು.

ಮೊದಲನೆಯ ವರ್ಗವೆಂದರೆ ಸಾಕ್ಷ್ಯ ಎಷ್ಟು ಗಟ್ಟಿಯೆಂಬುದರ ಸೂಚನೆ, ಅಪಾಯದ ಪ್ರಮಾಣ ಎಷ್ಟೆಂಬುದರ ಸೂಚನೆಯಲ್ಲ. ಇದು ಪತ್ರಿಕೆಯ ತಲೆಬರಹದಲ್ಲಿ ಬರುವುದಿಲ್ಲ. ಹಾಗೆಯೇ ಹೊಗೆಸೊಪ್ಪಿಲ್ಲದಿದ್ದರೆ ಏನೂ ಅಪಾಯವಿಲ್ಲ ಎಂದು ನಾವು ನಾವೇ ಹೇಳಿಕೊಳ್ಳುವ ಮಾತಿಗೂ ಆ ವರದಿಗಳಲ್ಲಿ ಆಧಾರ ಸಿಗುವುದಿಲ್ಲ. ಔಷಧಿ ಮಾರುವವನಿಗೆ "ಪೂರ್ತಿ ಲೇಖನ ತೋರಿಸು" ಎಂದು ಕೇಳುವ ನಾವು, ನಮ್ಮ ಬೆಳೆಯ ಮಾತು ಬಂದಾಗ ಬೇಕಾದ ಸಾಲನ್ನಷ್ಟೇ ಹೆಕ್ಕಿಕೊಳ್ಳುವುದು ನ್ಯಾಯವಲ್ಲ. ಕವಳ ಹಾಕುವವರಲ್ಲಿ ನಮ್ಮ ಮನೆಯವರೂ ಇದ್ದಾರೆ, ನಮ್ಮ ತೋಟದ ಆಳುಗಳೂ ಇದ್ದಾರೆ. ಬಾಯಿ ತೆರೆಯಲು ಕಷ್ಟವಾಗುವುದು, ಬಾಯೊಳಗೆ ಬಿಳಿಚಿಕೊಳ್ಳುವುದು ಕಂಡರೆ ವೈದ್ಯರಲ್ಲಿಗೆ ಕಳಿಸಬೇಕೆಂಬ ತಿಳಿವಳಿಕೆಯಾದರೂ ನಮಗಿರಬೇಕು. ಅಡಿಕೆಯೊಂದನ್ನೇ ನಂಬಿ ಗದ್ದೆಯನ್ನೆಲ್ಲ ತೋಟ ಮಾಡುವವರು, ಮೆಣಸು, ಕಾಫಿ, ಕೋಕೋಗಳಿಗೂ ಜಾಗ ಬಿಡಬೇಕೋ ಎಂದು ಯೋಚಿಸುವವರು ಈ ವರದಿಗಳನ್ನು ಓದಿಯೇ ತೀರ್ಮಾನಿಸಲಿ ಎಂಬುದು ನಮ್ಮ ಸಲಹೆ.

ಸಂಘದ ಕಡೆಯಿಂದ

ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಕಚೇರಿಯಲ್ಲಿ ಒಂದು ಪ್ರಶ್ನೆಗಳ ಪುಸ್ತಕವನ್ನು ಇಟ್ಟಿದ್ದೇವೆ. ತಮ್ಮ ತೋಟದ ತೊಂದರೆಯನ್ನೋ, ಯಾರಾದರೂ "ಸಂಶೋಧನೆಯಿಂದ ಸಾಬೀತಾಗಿದೆ" ಎಂದು ಹೇಳಿದ ಮಾತನ್ನೋ ಸದಸ್ಯರು ಅದರಲ್ಲಿ ಬರೆಯಬಹುದು. ಬಂದ ಪ್ರಶ್ನೆಗಳನ್ನು ಒಟ್ಟುಮಾಡಿ ತಿಂಗಳಿಗೊಮ್ಮೆ ಗ್ರಂಥಾಲಯಕ್ಕೆ ಹೋಗಿ, ಸಿಕ್ಕಿದ ಲೇಖನಗಳ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಈ ಪತ್ರಿಕೆಯಲ್ಲಿ ಕೊಡುತ್ತೇವೆ. ಕೃಷಿ, ತೋಟಗಾರಿಕೆ, ಅರಣ್ಯ ಕಾಲೇಜುಗಳಲ್ಲಿ ಓದುತ್ತಿರುವ ಸದಸ್ಯರ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ಕಚೇರಿಗೆ ಬಂದು ಓದಿ ವಿವರಿಸಿಕೊಟ್ಟರೆ ದೊಡ್ಡ ಉಪಕಾರ. ಓದಿದ ಹುಡುಗಿಯೊಬ್ಬಳು ಕೋಷ್ಟಕವನ್ನು ಬಿಡಿಸಿ ಹೇಳಿದರೆ ಎಪ್ಪತ್ತು ವರ್ಷದ ಬೆಳೆಗಾರರೂ ಕಿವಿಗೊಟ್ಟು ಕೇಳುತ್ತಾರೆ.

ಮುಂದಿನ ಸರ್ವ ಸದಸ್ಯರ ಸಭೆಯೊಳಗೆ ಎಲೆಚುಕ್ಕಿ ರೋಗದ ಔಷಧಿಗಳ ವಿಚಾರವಾಗಿ ಪೂರ್ತಿ ಓದಿದ ಲೇಖನಗಳ ಒಂದು ಪಟ್ಟಿ ಸಿದ್ಧಪಡಿಸಬೇಕೆಂದಿದ್ದೇವೆ. ಅದರ ಆಧಾರದ ಮೇಲೆಯೇ ಸಂಘ ಈ ಸಾಲಿನಲ್ಲಿ ಯಾವ ಔಷಧಿಯನ್ನು ತರಿಸಬೇಕು, ಯಾವುದನ್ನು ತರಿಸಬಾರದು ಎಂಬುದು ಚರ್ಚೆಯಾಗಲಿ. ಸದಸ್ಯರು ತಮ್ಮ ಪ್ರಶ್ನೆಗಳನ್ನು ಈ ತಿಂಗಳ ಕೊನೆಯೊಳಗೆ ಪುಸ್ತಕದಲ್ಲಿ ಬರೆದುಹೋಗಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ